ತಮ್ಮನನ್ನು ಹುಡುಕಿ ಅನುರಾಧಪುರಕ್ಕೆ

ಶ್ರೀಲಂಕಾಕ್ಕೆ ಹೋಗಿ ಬಂದೆವು ಎಂದರೆ ರಾಮದುರ್ಗದಲ್ಲಿ ಜನ ಮೊದಲು ಕೇಳುವುದು ರಾವಣನ ಸುದ್ದಿ. ಆಮೇಲೆ ಸಮುದ್ರ. ನಾನು ಕೆಲಸ ಮಾಡುವ ಆಸ್ಪತ್ರೆಯ ನರ್ಸ್ ಹುಡುಗಿಯರು ‘ಬೀಚಿನ ಫೋಟೋ ತೋರಸ್ರಿ ಮೇಡಂ’ ಎಂದು ವಾರವಿಡೀ ಬೆನ್ನು ಹತ್ತಿದ್ದರು. ನಾವು ಸಮುದ್ರ ನೋಡಿದ್ದು ವಿಮಾನದ ಕಿಟಕಿಯಿಂದ ಮಾತ್ರ. ಅದೂ ಕಿಟಕಿಯ ಸೀಟನ್ನು ನನ್ನ ಯಜಮಾನರು ಹಿಡಿದಿದ್ದರಿಂದ ನನಗೆ ದಕ್ಕಿದ್ದು ಅವರ ಕಿವಿಯ ಪಕ್ಕದ ಒಂದು ಗೇಣು ನೀಲಿ. ಹುಡುಗಿಯರಿಗೆ ಏನೋ ಹೇಳಿ ಜಾರಿಕೊಂಡೆ. ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ಇದನ್ನು ಅವ್ವ ಓದಲಾರಳು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಹೊರಡುವ ಮೊದಲು

ನನ್ನ ತಮ್ಮ ಪ್ರಕಾಶ ನನಗಿಂತ ಹದಿಮೂರು ವರ್ಷ ಚಿಕ್ಕವನು. ಸುರೇಬಾನದಲ್ಲಿ ಅವ್ವ ಕೂಲಿಗೆ ಹೋದಾಗ ಅವನನ್ನು ಬಗಲಲ್ಲಿ ಎತ್ತಿಕೊಂಡು ತಿರುಗಿದವಳು ನಾನು. ಮುಂದೆ ನಾನು ಲ್ಯಾಬ್ ಕೋರ್ಸು ಕಲಿಯುವಾಗ ರೂಢಿಗೆಂದು ಮೊದಲು ಸೂಜಿ ಚುಚ್ಚಿದ್ದು ಅವನ ಬೆರಳಿಗೇ. ಅತ್ತ. ಪೆಪ್ಪರಮೆಂಟು ಕೊಟ್ಟ ಮೇಲೆ ತಾನಾಗಿಯೇ ಇನ್ನೊಂದು ಬೆರಳು ಚಾಚಿದ. ಅವನದೂ ನನ್ನದೂ ಓ ಪಾಸಿಟಿವ್ ರಕ್ತ ಎಂದು ಅಂದೇ ತಿಳಿಯಿತು.

ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವರು. ಮನೆಯಲ್ಲಿ ಬುದ್ಧ ವಂದನೆ ಇತ್ತು, ಆದರೆ ಊರಿನ ಲೆಕ್ಕದಲ್ಲಿ ನಮ್ಮ ಕೇರಿ ಇದ್ದಲ್ಲೇ ಇತ್ತು. ಪ್ರಕಾಶ ನಾಲ್ಕನೆಯ ತರಗತಿಯಲ್ಲಿದ್ದಾಗ ಸಾಲಿಯ ನೀರಿನ ಹರವಿ ಮುಟ್ಟಿದನೆಂದು ಹೊಡೆದು, ಅವನ ಕಣ್ಣೆದುರೇ ಆ ನೀರನ್ನು ಅಂಗಳಕ್ಕೆ ಚೆಲ್ಲಿಸಿದರು. ಅವನು ಮರುದಿನದಿಂದ ಒಂದು ಬಾಟಲಿ ನೀರು ಒಯ್ಯತೊಡಗಿದ. ಇಪ್ಪತ್ತನೆಯ ವಯಸ್ಸಿಗೆ ನಾಗಪುರದ ಕಡೆ ಹೋದವನು ಅಲ್ಲಿಂದ ಲಂಕೆಗೆ ಓದಲು ಹೋದ. ಅಲ್ಲಿಯೇ ಚೀವರ ತೊಟ್ಟು ಭಿಕ್ಷುವಾದ. ಸುಮೇಧ ಎಂಬ ಹೆಸರು ಬಂತು. ಇಪ್ಪತ್ತೊಂದು ವರ್ಷ ಆತ ಊರಿಗೆ ಬರಲಿಲ್ಲ. ಆಗಾಗ ಫೋನ್ ಮಾಡುತ್ತಿದ್ದ. ಎರಡು ವರ್ಷದಿಂದ ಅದೂ ನಿಂತಿತ್ತು, ನಂಬರ್ ಹತ್ತುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಮನೆಯಲ್ಲೇ ಇದ್ದಾಳೆ. ಕಣ್ಣಿನ ಒತ್ತಡ ಏರಿ ಎರಡೂ ಕಣ್ಣು ಹೋಗಿವೆ. ಈಗ ಅವಳು ಎಲ್ಲರನ್ನೂ ಕೈಯಿಂದಲೇ ನೋಡುತ್ತಾಳೆ. ಮೊಮ್ಮಗಳು ಕಾಲೇಜಿನಿಂದ ಬಂದರೆ ಗಲ್ಲ ಸವರಿ ‘ಊಟಾ ಬಿಟ್ಟೀಯಲ್ಲ’ ಎಂದು ಬೈಯುತ್ತಾಳೆ. ಒಂದು ಮುಂಜಾನೆ ನಾನು ಅವಳ ತಲೆ ಬಾಚುತ್ತಿದ್ದೆ.

“ಸುಜಾತಾ, ಅವನ್ನ ಒಮ್ಮಿ ಕರಕೊಂಡ ಬಾ” ಎಂದಳು. “ನೋಡಾಕ ಅಲ್ಲವಾ, ಕಣ್ಣ ಎಲ್ಲಿ ಅದಾವು. ಮುಖಾ ಮುಟ್ಟಿ ನೋಡತೇನಿ, ಸಾಕು.”

ನಾನು ರಜೆ ಬರೆದುಕೊಟ್ಟೆ. ನಿವೃತ್ತ ದೈಹಿಕ ಶಿಕ್ಷಕರಾದ ನನ್ನ ಯಜಮಾನರು, ಪರಸಪ್ಪ ಮಾಸ್ತರು, ಇಬ್ಬರ ಪಾಸ್‌ಪೋರ್ಟ್ ಮಾಡಿಸುವ ಕೆಲಸವನ್ನು ಕ್ರೀಡಾಕೂಟ ನಡೆಸಿದಷ್ಟೇ ಹುರುಪಿನಿಂದ ಮುಗಿಸಿದರು.

ಕೊಲಂಬೊ

ಕಡಕ್ ರೊಟ್ಟಿಯ ಗಂಟನ್ನು ಕಸ್ಟಮ್ಸ್‌ನವರು ಬಿಚ್ಚಿಸಿದರು. ಅಷ್ಟರಲ್ಲಿ ಅವು ಪುಡಿಯಾಗಿದ್ದವು. ಅಧಿಕಾರಿ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಮಾಸ್ತರು ಕನ್ನಡದಲ್ಲೇ “ರೊಟ್ಟಿ ಅದಾವ್ರಿ ಸಾಹೇಬ್ರ, ತಿಂದ ನೋಡ್ರಿ” ಎಂದರು. ‘ರೊಟ್ಟಿ’ ಎಂಬ ಮಾತು ಅವನಿಗೆ ತಿಳಿಯಿತು. ಅವರ ಭಾಷೆಯಲ್ಲೂ ಅದು ರೊಟ್ಟಿಯೇ ಅಂತೆ. ನಕ್ಕು ಬಿಟ್ಟುಬಿಟ್ಟ. ಆ ನಗು ನೋಡಿ, ಈ ದೇಶದಲ್ಲಿ ನಮಗೆ ಒಳ್ಳೆಯದೇ ಆಗುತ್ತದೆ ಎಂದುಕೊಂಡೆ.

ಊರ ತುಂಬ ಬೋರ್ಡುಗಳು ನಮ್ಮ ಅಕ್ಷರಗಳ ಹಾಗೆಯೇ ದುಂಡಗೆ, ಬಳ್ಳಿ ಸುತ್ತಿಕೊಂಡ ಹಾಗೆ. ಇನ್ನೇನು ಓದಿಬಿಡುತ್ತೇವೆ ಅನ್ನಿಸುತ್ತದೆ. ಒಂದಕ್ಷರವೂ ಹತ್ತುವುದಿಲ್ಲ. ಪರಿಚಯದವರ ಮುಖ ಎಂದು ಹತ್ತಿರ ಹೋದರೆ ಬೇರೆ ಯಾರೋ ಆಗಿರುತ್ತಾರಲ್ಲ, ಹಾಗೆ.

ನಮ್ಮ ಕೈಯಲ್ಲಿದ್ದದ್ದು ಪ್ರಕಾಶ ಓದುತ್ತಿದ್ದ ವಿಹಾರದ ಹಳೆಯ ವಿಳಾಸ ಒಂದೇ. ಅಲ್ಲಿನ ಭಂತೇಜಿ, ವಯಸ್ಸಾದ ಹಿರಿಯ ಭಿಕ್ಷು, ನಮ್ಮನ್ನು ಕೂರಿಸಿ ಹಾಲಿಲ್ಲದ ಚಹಾ ಕೊಡಿಸಿದರು. ಅಂಗೈಯಲ್ಲಿ ಒಂದು ಬೆಲ್ಲದ ಚೂರು. ಅದನ್ನು ಕಚ್ಚಿ ಚಹಾ ಕುಡಿಯಬೇಕು. ನಮ್ಮ ಅಜ್ಜಿಯೂ ಸಕ್ಕರೆ ತೀರಿದಾಗ ಹೀಗೆಯೇ ಕುಡಿಯುತ್ತಿದ್ದಳು. ನಾನು ಹೆಸರು ಹೇಳಿದೆ. ಅವರು ನಿಧಾನವಾದ ಇಂಗ್ಲಿಷಿನಲ್ಲಿ, ಸುಮೇಧ ಇಲ್ಲಿಂದ ಹೋಗಿ ಬಹಳ ವರ್ಷವಾಯಿತು, ಉತ್ತರಕ್ಕೆ, ಅನುರಾಧಪುರದ ಆಚೆ ಒಂದು ಚಿಕ್ಕ ವಿಹಾರಕ್ಕೆ ಎಂದರು. ಯಾಕೆ ಹೋದ ಎಂದು ಕೇಳಿದೆ.

“ಅವನು ಶಾಂತ ಜಾಗ ಬೇಕೆಂದ” ಎಂದರು. ಆಮೇಲೆ ನನ್ನ ಮುಖ ನೋಡದೆ, “ನೀವು ಬೇಗ ಹೋಗಿ” ಎಂದರು.

ಈ ಕೊನೆಯ ಮಾತನ್ನು ನಾನು ಬಸ್ಸು ತಪ್ಪಬಾರದೆಂದು ಹೇಳಿದ್ದೆಂದು ತಿಳಿದೆ.

ಬಸ್ಸಿನಲ್ಲಿ

ಬಸ್ಸಿನಲ್ಲಿ ಮುಂದಿನ ಸೀಟು ಖಾಲಿ ಇತ್ತು. ಮಾಸ್ತರು ಧಡಧಡ ಹೋಗಿ ಕುಳಿತು ನನ್ನನ್ನೂ ಕೂರಿಸಿದರು. ಕಂಡಕ್ಟರ್ ಬಂದು ಮೇಲಿನ ಬರಹ ತೋರಿಸಿ ಏಳಿ ಎಂದು ಸನ್ನೆ ಮಾಡಿದ. ಮಾಸ್ತರು ತಮ್ಮ ಬಿಳಿ ಕೂದಲು ತೋರಿಸಿದರು. ಅವನು ಮತ್ತೆ ಬರಹ ತೋರಿಸಿದ.

“ಹಿರಿಯ ನಾಗರಿಕರ ಸೀಟ ಇರಬೇಕ ಇದು. ನಾ ಏಳಂಗಿಲ್ಲ” ಎಂದು ಮಾಸ್ತರು ನನ್ನತ್ತ ತಿರುಗಿದರು.

“ಏಳ್ರಿ, ಎಲ್ಲಾರೂ ನೋಡಾಕತ್ತಾರ.”

ಅಷ್ಟರಲ್ಲಿ ಒಬ್ಬ ಯುವ ಭಿಕ್ಷು ಬಸ್ಸು ಹತ್ತಿದರು. ಹಿಂದಿನ ಸಾಲಿನ ಒಬ್ಬ ಅಜ್ಜಿ ಎದ್ದು ನಿಂತಳು. ಇಬ್ಬರು ಬಸುರಿಯರು ಸರಿದು ದಾರಿ ಕೊಟ್ಟರು. ಆಗ ನಮಗೆ ತಿಳಿಯಿತು: ಅದು ಭಿಕ್ಷುಗಳಿಗೆಂದೇ ಬಿಟ್ಟ ಸೀಟು. ನಾವಿಬ್ಬರೂ ಎದ್ದು ಹಿಂದೆ ಹೋಗಿ ಕಂಬ ಹಿಡಿದು ನಿಂತೆವು.

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ನಮ್ಮ ಅಜ್ಜ ಸೀಟು ಖಾಲಿ ಇದ್ದರೂ ಸವದತ್ತಿಯ ತನಕ ನಿಂತೇ ಹೋಗುತ್ತಿದ್ದ. ಕೂತರೆ ಯಾರಾದರೂ ಏನಾದರೂ ಅಂದಾರು ಎಂಬ ಹೆದರಿಕೆ. ಅವನ ಮೊಮ್ಮಗ ಈ ದೇಶದಲ್ಲಿ ಬಸ್ಸು ಹತ್ತಿದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಹಾಗಾದರೆ ಅವನು ನಮ್ಮನ್ನು ಮರೆತದ್ದರಲ್ಲಿ ತಪ್ಪೇನಿದೆ ಎನ್ನಿಸಿತು. ಐದು ತಾಸು ನಿಂತೇ ಹೋದರೂ ಕಾಲು ನೋಯಲಿಲ್ಲ.

ಅನುರಾಧಪುರ

ಉತ್ತರಕ್ಕೆ ಹೋದಂತೆ ಹಸಿರು ಇಳಿಯಿತು. ಅನುರಾಧಪುರ ಮುಟ್ಟುವ ಹೊತ್ತಿಗೆ ನೆಲ ನಮ್ಮ ಕಟಕೋಳದ ನೆಲದ ಹಾಗೆ ಒಣಗಿ ಕೆಂಪಾಗಿತ್ತು. ನಡುನಡುವೆ ದೊಡ್ಡ ಕೆರೆಗಳು. ಮಾಸ್ತರು ಒಂದೊಂದನ್ನೂ ನೋಡಿ “ನಮ್ಮ ನವಿಲುತೀರ್ಥದ ಡ್ಯಾಮಿನ ಮುಂದ ಇದೇನ್ ಮಹಾ” ಎಂದರು; ಮೂರನೆಯದಕ್ಕೆ ಸುಮ್ಮನಾದರು.

ನಮಗೆ ಸಿಕ್ಕ ಆಟೊದವನ ಹೆಸರು ಸುನಿಲ್. ಲಂಕೆಯಲ್ಲೂ ಸುನಿಲ್ ಇರುತ್ತಾನೆಂದು ಮಾಸ್ತರಿಗೆ ಬಹಳ ಖುಷಿಯಾಯಿತು. ಆತ ಕುವೈತಿನಲ್ಲಿ ಕೆಲಸ ಮಾಡಿ ಅಲ್ಲಿನ ನಮ್ಮ ದೇಶದವರಿಂದ ಹಿಂದಿ ಕಲಿತವನು. ಅವನಿಲ್ಲದಿದ್ದರೆ ನಮ್ಮ ಪ್ರಯಾಣ ಅಲ್ಲಿಗೇ ನಿಲ್ಲುತ್ತಿತ್ತು.

ವಿಹಾರ ಹುಡುಕುವ ಮೊದಲು ಮಹಾಬೋಧಿ ವೃಕ್ಷಕ್ಕೆ ಕೈಮುಗಿದು ಹೋಗೋಣ ಎಂದೆ. ಅಲ್ಲಿ ಚಪ್ಪಲಿ ಮಾತ್ರವಲ್ಲ, ಟೊಪ್ಪಿಗೆಯನ್ನೂ ತೆಗೆಯಬೇಕು. ಮಾಸ್ತರು ಬಿಳಿ ಟೊಪ್ಪಿಗೆ ಇಲ್ಲದೆ ನಮ್ಮ ಓಣಿಯ ತಿರುವನ್ನೂ ದಾಟಿದವರಲ್ಲ. ಕಾವಲಿನವನು ಕೈಚಾಚಿ ನಿಂತ. ಕೊಟ್ಟರು. ನಡು ಮಧ್ಯಾಹ್ನ, ಮರಳು ಕಾದ ಹಂಚಾಗಿತ್ತು. ಬಿಳಿ ಬಟ್ಟೆಯ ಅಜ್ಜಂದಿರು, ಹೆಂಗಸರು, ಕೈಯಲ್ಲಿ ನೈದಿಲೆ ಹಿಡಿದು ಆ ಮರಳಿನ ಮೇಲೆ ಹೂವಿನ ಮೇಲೆ ನಡೆದಂತೆ ನಡೆಯುತ್ತಿದ್ದರು. ನನ್ನ ಗಂಡ ಮಾತ್ರ ಬರಿದಲೆಯಲ್ಲಿ ಬಿಸಿಲು ಬಡಿಸಿಕೊಳ್ಳುತ್ತ ಒಂದೊಂದು ಕಾಲಿನ ಮೇಲೆ ಜಿಗಿಯುತ್ತಿದ್ದರು. ನಾನು ಬಾಯಿಗೆ ಸೆರಗು ಒತ್ತಿ ನಕ್ಕೆ. ಆ ಪ್ರವಾಸದಲ್ಲಿ ನಾನು ನಕ್ಕದ್ದು ಅದೇ ಕೊನೆ.

ದಾರಿಯಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಹಳ್ಳಿ ಹಳ್ಳಿಯಲ್ಲೂ ಶುದ್ಧ ನೀರಿನ ಯಂತ್ರ, ಅದರ ಮುಂದೆ ಕ್ಯಾನು ಹಿಡಿದವರ ಸಾಲು.

“ಬಾವಿ ನೀರಿಲ್ಲವೇನು?” ಎಂದು ಸುನಿಲನನ್ನು ಕೇಳಿದೆ.

“ಇದೆ, ದೀದಿ. ಕುಡಿಯಲು ಹೆದರುತ್ತೇವೆ. ಈ ಭಾಗದಲ್ಲಿ ಕಿಡ್ನಿಯ ರೋಗ ಬಹಳ. ಕೆಲವರು ನೀರಿನಿಂದ ಅನ್ನುತ್ತಾರೆ, ಕೆಲವರು ಹೊಲಕ್ಕೆ ಹೊಡೆಯುವ ಔಷಧಿಯಿಂದ ಅನ್ನುತ್ತಾರೆ. ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ಅಪ್ಪನೂ ಅದರಿಂದಲೇ ಹೋದ.”

ಕೆರೆ ದಂಡೆಯ ವಿಹಾರ

ಎರಡು ಕಡೆ ವಿಚಾರಿಸಿ, ಮೂರನೆಯ ವಿಹಾರದಲ್ಲಿ ಹೆಸರು ಹತ್ತಿತು. ಕೆರೆಯ ದಂಡೆಗೆ ಹಂಚಿನ ಎರಡು ಕೋಣೆ, ಸುಣ್ಣ ಹಚ್ಚಿದ ಚಿಕ್ಕ ಸ್ತೂಪ, ಗುಡಿಸಿದ ಅಂಗಳ. ಅಲ್ಲಿ ಅಡುಗೆ, ಕಸ ನೋಡಿಕೊಳ್ಳುವ ಗುಣಪಾಲ ಎಂಬ ಮುದುಕ ನಮ್ಮನ್ನು ಕಂಡು ಗಾಬರಿಯಾದ. ಸುನಿಲ್ ವಿಷಯ ತಿಳಿಸಿದ ಮೇಲೆ, ಹಾಮುದುರು, ಅಂದರೆ ಭಂತೇಜಿ, ಪಟ್ಟಣಕ್ಕೆ ಹೋಗಿದ್ದಾರೆ, ಸಂಜೆಯೊಳಗೆ ಬರುತ್ತಾರೆ ಎಂದು ಚಾಪೆ ಹಾಸಿದ. ಯಾವ ಕೆಲಸಕ್ಕೆ ಎಂದರೆ ಹೇಳಲಿಲ್ಲ.

ನಾವು ಕಾದೆವು. ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಮೊದಲು ಬೈಯಬೇಕು. ಆಮೇಲೆ ಅವ್ವನ ಮಾತು ಹೇಳಬೇಕು.

ನಾಲ್ಕು ಗಂಟೆಗೆ ಒಂದು ಆಟೊ ಬಂದು ನಿಂತಿತು. ಅದರಿಂದ ಒಬ್ಬ ವಯಸ್ಸಾದ ಭಿಕ್ಷು ಇಳಿದರು. ಊದಿದ ಮುಖ, ಬೂದಿ ಬಣ್ಣದ ಮೈ. ಗುಣಪಾಲ ಓಡಿಹೋಗಿ ಕೈ ಹಿಡಿದ. ಪ್ರಕಾಶ ಇವರ ಹಿಂದೆ ಇಳಿಯುತ್ತಾನೆಂದು ನಾನು ಆಟೊದೊಳಗೆ ಇಣುಕಿದೆ. ಒಳಗೆ ಯಾರೂ ಇರಲಿಲ್ಲ.

“ಅಕ್ಕಾ” ಎಂದರು ಆ ಭಿಕ್ಷು.

ಅವನಿಗೆ ಆಗ ನಲವತ್ತೊಂದು ವರ್ಷ.

ಗುಣಪಾಲ ನನಗೆ ನೆಲ ತೋರಿಸಿದ. ತಿಳಿಯಿತು. ಬಗಲಲ್ಲಿ ಎತ್ತಿ ಆಡಿಸಿದ ತಮ್ಮನಿಗೆ ನಾನು ಹಣೆ ನೆಲಕ್ಕೆ ಹಚ್ಚಿ ಮೂರು ಸಲ ನಮಸ್ಕರಿಸಿದೆ. ಪಕ್ಕದಲ್ಲಿ ಮಾಸ್ತರೂ ಬಗ್ಗಿದರು. ಅವನು ಪಾಲಿಯಲ್ಲಿ ಏನೋ ಹರಸಿದ. ನಾನು ಏಳುವಾಗ ಅವನ ಎಡಗೈಯ ಚೀವರ ಜಾರಿತು. ಮೊಣಕೈಯ ಮೇಲೆ ಅಂಟಿಸಿದ ಹತ್ತಿ, ಅದರ ಸುತ್ತ ಹಾವಿನಂತೆ ಉಬ್ಬಿ ನಿಂತ ನರ.

ಮೂವತ್ತು ವರ್ಷ ರಕ್ತ ತೆಗೆದವಳಿಗೆ ಆ ನರ ಏನೆಂದು ಯಾರೂ ಹೇಳಬೇಕಾಗಿಲ್ಲ. ಡಯಾಲಿಸಿಸ್‌ಗೆ ಸೂಜಿ ಹಾಕಲೆಂದು ಶಸ್ತ್ರಕ್ರಿಯೆ ಮಾಡಿ ದಪ್ಪ ಮಾಡಿಸಿದ ನರ. ಜೋಡಿಸಿಕೊಂಡ ಮಾತೆಲ್ಲ ಹೋಯಿತು.

“ಯಾವಾಗಿಂದ ಇದು?” ಎಂದೆ.

“ಎರಡ ವರ್ಷ ಆತು. ಅದಕ್ಕ ಫೋನ್ ಮಾಡಲಿಲ್ಲಕ್ಕ. ದನಿ ಕೇಳಿದ್ರ ಅವ್ವಗ ಗೊತ್ತಾಗತಿತ್ತು.”

ಅವನ ಕನ್ನಡ ಇಪ್ಪತ್ತೊಂದು ವರ್ಷದ ಹಿಂದೆಯೇ ನಿಂತುಬಿಟ್ಟಿತ್ತು. ಹುಡುಕಿ ಹುಡುಕಿ ಮಾತಾಡುತ್ತಿದ್ದ. ಸುರೇಬಾನಕ್ಕೆ ಆ ಒಂದೇ ಬಸ್ಸು ಇನ್ನೂ ಬರತೈತೇನು ಎಂದು ಕೇಳಿದ. ಸತ್ತುಹೋದ ಇಬ್ಬರು ಗೆಳೆಯರ ಆರೋಗ್ಯ ವಿಚಾರಿಸಿದ. ನಾನು ‘ಆರಾಮ ಅದಾರ’ ಎಂದೆ. ಮಾಸ್ತರು ನನ್ನ ಮುಖ ನೋಡಿದರು.

ಅವ್ವನ ಮಾತು ಹೇಳಿದೆ. ಒಂದು ಸಲ ಬಂದು ಹೋಗು, ನಾವು ಕರೆದುಕೊಂಡು ಹೋಗಿ ವಾಪಸ್ ಬಿಡುತ್ತೇವೆ ಎಂದೆ. ಹುಬ್ಬಳ್ಳಿ, ಬೆಳಗಾವಿಯಲ್ಲೂ ಡಯಾಲಿಸಿಸ್ ಆಗುತ್ತದೆ ಎಂದೆ. ಅವನು ತಲೆ ಅಲ್ಲಾಡಿಸಿದ.

“ವಿಮಾನ ಹತ್ತಬ್ಯಾಡ ಅಂದಾರ ಡಾಕ್ಟರ್. ಹೃದಯಕ್ಕೂ ಬಂದೈತಿ. ಮತ್ತ… ಬಂದ್ರೂ ಅವ್ವ ನನ್ನ ಮುಟ್ಟಂಗಿಲ್ಲಲ್ಲಕ್ಕ. ಭಿಕ್ಷುನ್ನ ಹೆಣಮಕ್ಕಳು ಮುಟ್ಟಬಾರದು. ತಾಯಿ ಆದ್ರೂ.”

“ಅಕಿಗೆ ಕಣ್ಣಿಲ್ಲೋ.”

“ಗೊತ್ತಾತು” ಎಂದ. ಕೆರೆಯ ಕಡೆ ನೋಡುತ್ತ ಕುಳಿತ.

ಆಸ್ಪತ್ರೆ

ಎರಡು ದಿನ ಬಿಟ್ಟು ಮತ್ತೆ ಡಯಾಲಿಸಿಸ್ ಇತ್ತು. ನಾವೂ ಹೋದೆವು. ದೊಡ್ಡ ಹಾಲ್, ಎರಡು ಸಾಲು ಯಂತ್ರ. ಮಲಗಿದವರೆಲ್ಲ ರೈತರು, ಅಂಗಾಲು ಬಿರಿದ, ಬಿಸಿಲಿಗೆ ಸುಟ್ಟ ಮೈಯ ಜನ. ಪ್ರಕಾಶ ಒಳಗೆ ಬಂದಾಗ, ಕೈಗೆ ನಳಿಕೆ ಚುಚ್ಚಿಸಿಕೊಂಡಿದ್ದ ಅಷ್ಟೂ ಮಂದಿ ಏಳಲು ಹೊರಟರು. ಏಳಲಾಗದವರು ಇನ್ನೊಂದು ಕೈಯನ್ನು ಎದೆಗೆ ತಂದರು. ಅವನು ಬೇಡ ಬೇಡ ಎಂದು ಕೈಯಾಡಿಸುತ್ತ, ತಲೆ ತಗ್ಗಿಸಿಕೊಂಡು ತನ್ನ ಹಾಸಿಗೆಗೆ ಹೋದ. ಅವನ ಹಾಸಿಗೆಗೆ ಮಾತ್ರ ಬಿಳಿ ಬಟ್ಟೆ ಹಾಸಿದ್ದರು. ನಾನು ಬಸ್ಸಿನಲ್ಲಿ ಪಟ್ಟ ಹೆಮ್ಮೆ ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಯಂತ್ರ ತಿರುಗುತ್ತಿರುವಾಗ ನಾನು ಡಾಕ್ಟರನ್ನು ಹುಡುಕಿಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕೆಲಸ ಏನೆಂದು ತಿಳಿಸಿ, ಇಬ್ಬರದೂ ಒಂದೇ ಗುಂಪಿನ ರಕ್ತ, ನನ್ನ ಕಿಡ್ನಿ ತೆಗೆದುಕೊಳ್ಳಿ ಎಂದೆ. ಆಕೆ ರಿಪೋರ್ಟಿನ ಹಾಳೆಗಳನ್ನು ನನ್ನತ್ತ ತಿರುಗಿಸಿ ಇಟ್ಟಳು. ನಾನು ಓದಿದೆ. ನಮ್ಮಲ್ಲಿ ಇಂಥ ರಿಪೋರ್ಟು ಬಂದಾಗ ನಾನೇ ಎಷ್ಟೋ ಸಲ ಮನೆಯವರಿಗೆ ‘ಡಾಕ್ಟರ್ ಹೇಳ್ತಾರ, ಅವರನ್ನ ಕೇಳ್ರಿ’ ಎಂದು ತಪ್ಪಿಸಿಕೊಂಡಿದ್ದೇನೆ. ಅವರ ಹೃದಯ ಈ ಶಸ್ತ್ರಕ್ರಿಯೆಯನ್ನು ತಾಳುವುದಿಲ್ಲ, ಎರಡು ವರ್ಷ ಮೊದಲೇ ಬಂದಿದ್ದರೆ ನೋಡಬಹುದಿತ್ತು ಎಂದಳು. ಎರಡು ವರ್ಷ ಮೊದಲು ನಾವು ಮನೆಯ ಮೇಲೆ ಇನ್ನೊಂದು ಕೋಣೆ ಕಟ್ಟಿಸುತ್ತಿದ್ದೆವು. ನಂಬರ್ ಹತ್ತುತ್ತಿಲ್ಲ ಎಂದು ಆಗೀಗ ಹೇಳಿಕೊಂಡು ಸುಮ್ಮನಿದ್ದೆವು.

ನಾನು ವಾಪಸ್ ಬಂದಾಗ ನಾಲ್ಕು ತಾಸು ಮುಗಿದಿತ್ತು. ನರ್ಸ್ ಸೂಜಿ ತೆಗೆದಳು. ತೆಗೆದ ಮೇಲೆ ಆ ಜಾಗವನ್ನು ಹತ್ತಿಯಿಟ್ಟು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಅಂದು ಆ ಕೆಲಸಕ್ಕೆಂದು ಜೊತೆಗೆ ಬಂದಿದ್ದ ಗುಣಪಾಲ ಔಷಧಿ ತರಲು ಹೋಗಿದ್ದ. ಅತ್ತ ಇನ್ನೊಂದು ಯಂತ್ರ ಕೂಗಿಕೊಂಡಿತು. ನರ್ಸ್ ಸುತ್ತ ನೋಡಿದಳು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ ಕೂಗಿ ನನ್ನ ಮಣಿಕಟ್ಟು ಹಿಡಿದಳು. ಬಾಗಿಲಲ್ಲಿದ್ದ ಸುನಿಲ್ ಹೇಳಿದ: “ದೀದಿ, ಮುಟ್ಟಬಾರದು ಅನ್ನುತ್ತಿದ್ದಾರೆ.”

ಈ ಮಾತು ನನಗೆ ಹೊಸದಲ್ಲ. ಹುಟ್ಟಿದಾಗಿನಿಂದ ಕೇಳಿದ್ದೇನೆ. ಅಲ್ಲಿ ಹೇಳುವುದು ಮೈಲಿಗೆಯೆಂದು, ಇಲ್ಲಿ ಹೇಳುವುದು ಭಿಕ್ಷುವಿನ ಶೀಲಕ್ಕಾಗಿ. ಎರಡೂ ಒಂದೇ ಅಲ್ಲವೆಂದು ಮಾಸ್ತರು ಆಮೇಲೆ ನನಗೆ ಬಿಡಿಸಿ ಹೇಳಿದರು. ಒಂದೇ ಅಲ್ಲ, ಗೊತ್ತು. ಕೈ ಹಿಂದಕ್ಕೆ ಎಳೆದುಕೊಳ್ಳುವುದು ಮಾತ್ರ ಎರಡೂ ಕಡೆ ಒಂದೇ.

ನಾನು ನರ್ಸಿಗೆ ನನ್ನ ಹರಕು ಇಂಗ್ಲಿಷಿನಲ್ಲಿ, ನಾನು ಸರ್ಕಾರಿ ಆಸ್ಪತ್ರೆಯ ಲ್ಯಾಬಿನವಳು ಎಂದೆ. ಆಕೆ ನನ್ನ ಮುಖ ನೋಡಿದಳು, ಪ್ರಕಾಶನ ಮುಖ ನೋಡಿದಳು. ಮೂಗು ನಮ್ಮಿಬ್ಬರದೂ ಅಪ್ಪನದೇ. ಡಬ್ಬಿಯಿಂದ ಒಂದು ಜೊತೆ ಕೈಗವಸು ತೆಗೆದು ನನ್ನ ಕೈಗಿಟ್ಟಳು. ಮಣಿಕಟ್ಟು ಹಿಡಿದಿದ್ದ ಹೆಂಗಸು ಬಿಟ್ಟಳು.

ಹಾಕಿಕೊಂಡೆ. ಹತ್ತಿಯ ಮೇಲೆ ಎರಡು ಬೆರಳಿಟ್ಟು ಒತ್ತಿದೆ. ರಬ್ಬರಿನ ಕೆಳಗೆ ಅವನ ನರ ಗಿರ್ ಎಂದು ಅದುರುತ್ತಿತ್ತು. ಪ್ರಕಾಶ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅವನ ಕಿವಿ ಒದ್ದೆಯಾದದ್ದು ಕಂಡಿತು. ಹತ್ತು ನಿಮಿಷ ಸಾಕಾಗುತ್ತದೆ. ನಾನು ಇಪ್ಪತ್ತು ನಿಮಿಷ ಹಿಡಿದೆ.

ಕೊನೆಯ ದಿನ

ಮರುದಿನ ಹೊರಡಬೇಕಿತ್ತು. ಸಂಜೆ ಅಂಗಳದಲ್ಲಿ ಕುಳಿತಿದ್ದೆವು. ಗುಣಪಾಲ, ಸುನಿಲ್, ಮಾಸ್ತರು ಕೆರೆಯ ದಂಡೆಗೆ ಹೋಗಿದ್ದರು. ಭಿಕ್ಷು ಹೆಂಗಸಿನೊಡನೆ ಮರೆಯಲ್ಲಿ ಒಬ್ಬನೇ ಕೂರುವಂತಿಲ್ಲ ಎಂದು ಅವರು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ನಿಂತಿದ್ದರು. ನಾನು ಕೇಳಬಾರದ್ದನ್ನು ಕೇಳಿದೆ.

“ಆ ಚೀವರ ತಗದ ಇಟ್ಟ ಬಾರೋ. ಹಡಗಿನ್ಯಾಗ ಹೋಗೂಣು, ಹೆಂಗರ ಹೋಗೂಣು. ಇರೂಷ್ಟ ದಿನಾ ಅವ್ವನ ಮುಂದ ಇರು. ಅಕಿ ಮುಟ್ಟಲಿ ನಿನ್ನ.”

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

“ಇದನ್ನ ತಗದ್ರ ನಾ ಯಾರ ಆಗತೇನಕ್ಕ? ಮತ್ತ ಸುರೇಬಾನದ ಕೇರಿ ಹುಡುಗ ಪ್ರಕಾಶ್ಯಾ ಆಗತೇನಿ. ಸಾಯೂ ಮುಂದ ಅದಾಗೂದ ಬ್ಯಾಡ.”

“ಇಲ್ಲಿ ಎಲ್ಲಾರೂ ಕಾಲ ಬೀಳತಾರ, ಅದಕ್ಕೇನು?”

“ಇಲ್ಲೂ ಕೇಳಿದ್ರಕ್ಕ. ಯಾವ ಊರು, ಯಾರ ಮಕ್ಕಳು, ಅಪ್ಪ ಏನ ಮಾಡತಿದ್ದ ಅಂತ. ಕೊಲಂಬೊದಾಗ ಅದಕ್ಕ ಇರಾಕ ಆಗಲಿಲ್ಲ. ಈ ಊರಿನವರು ಕೇಳಲಿಲ್ಲ. ರೋಗದ ಊರು. ಇಲ್ಲಿ ಯಾರಿಗೂ ಪುರಸೊತ್ತಿಲ್ಲ ಕೇಳಾಕ.”



ಅವ್ವನಿಗೆ ನಿಜ ಹೇಳಬಾರದು ಎಂದ. ಐತವಾರಕ್ಕೊಮ್ಮೆ ಗುಣಪಾಲನ ಫೋನಿನಿಂದ ತಾನೇ ಮಾತಾಡುತ್ತೇನೆ, ಸೂಜಿ ಹಾಕಿದ ಮರುದಿನ ದನಿ ಸ್ವಲ್ಪ ಗಟ್ಟಿ ಇರುತ್ತದೆ ಎಂದ. ಹೊರಡುವಾಗ ಮತ್ತೆ ಮೂರು ಸಲ ನಮಸ್ಕರಿಸಿದೆ. ಆಟೊ ತಿರುಗುವ ತನಕ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಕೊಲಂಬೊದ ತನಕ ಬಸ್ಸಿನಲ್ಲಿ ನಮಗೆ ಸೀಟು ಸಿಕ್ಕಿತು. ಮಾಸ್ತರು ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದರು. ಹಾಕಿಕೊಳ್ಳಿ ಎಂದರೆ “ಇರಲಿ ಬಿಡ” ಎಂದರು.

ರಾಮದುರ್ಗ

ಬಾಗಿಲು ದಾಟುವ ಮೊದಲೇ ಅವ್ವ ಕೈ ಚಾಚಿದ್ದಳು. ನನ್ನನ್ನು ಮುಟ್ಟಿದಳು, ಮಾಸ್ತರನ್ನು ಮುಟ್ಟಿದಳು, ಅವರ ಹಿಂದಿನ ಗಾಳಿಯಲ್ಲಿ ಸ್ವಲ್ಪ ಹೊತ್ತು ಕೈಯಾಡಿಸಿದಳು.

“ಬರಲಿಲ್ಲೇನ?”

“ಬರತಾನವಾ. ಈಗ ಮಳಿಗಾಲದ ವರ್ಷಾವಾಸದ ತಯಾರಿ ಐತಿ ಅಂತ, ವಿಹಾರ ಬಿಡಾಕ ಬರಂಗಿಲ್ಲ. ದೀಪಾವಳಿ ಆದ ಮ್ಯಾಲ ಬರತಾನ.”

“ಮೈ ಹೆಂಗೈತಿ?”

“ತುಂಬ್ಯಾನ” ಎಂದೆ. ಊದಿದ ಮುಖ ನೆನೆದು ಹೇಳಿದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲ.

“ನೀ ಮುಟ್ಟಿದೇನ?”

“ಹೂಂ.”

“ಕೈ ಹೆಂಗ ಅದಾವು?”

“ಬೆಚ್ಚಗ ಅದಾವವಾ.”

ಆರು ಐತವಾರ ಫೋನ್ ಬಂತು. ಅವ್ವ ಮುಂಜಾನೆಯೇ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಪ್ರಕಾಶ ಊಟ ಆಯಿತೇನು ಎಂದು ಕೇಳುತ್ತಿದ್ದ, ಅವ್ವ ಊಟ ಆಯಿತೇನು ಎಂದು ಕೇಳುತ್ತಿದ್ದಳು. ಹೆಚ್ಚೇನೂ ಇರುತ್ತಿರಲಿಲ್ಲ. ಐದನೆಯ ಸಲ ಮಾತಿನ ನಡುವೆ ಅವನಿಗೆ ಉಸಿರು ಹಿಡಿಯಿತು. ‘ಮೆಟ್ಟಲ ಹತ್ತಿ ಬಂದೆ’ ಎಂದ. ಆ ವಿಹಾರಕ್ಕೆ ಮೆಟ್ಟಿಲೇ ಇಲ್ಲ.

ಏಳನೆಯ ಐತವಾರಕ್ಕೆ ಎರಡು ದಿನ ಮೊದಲು, ನಾನು ಲ್ಯಾಬಿನಲ್ಲಿದ್ದಾಗ ಸುನಿಲ್ ಫೋನ್ ಮಾಡಿದ. ‘ದೀದಿ, ಹಾಮುದುರು ಹೋದರು’ ಎಂದ. ಸಂಜೆ ಫೋಟೋ ಕಳಿಸಿದ. ವಿಹಾರದಿಂದ ಕೆರೆಯ ಆಚೆ ದಂಡೆಯ ತನಕ ದಾರಿಯ ಎರಡೂ ಬದಿಗೆ ಬಿಳಿ ಬಾವುಟ ಕಟ್ಟಿದ್ದರು. ಬಿಳಿ ಬಟ್ಟೆಯ ಜನ ಕಣ್ಣು ಹಾಯುವಷ್ಟು ದೂರ. ಸುರೇಬಾನದಲ್ಲಿ ನಮ್ಮ ಅಪ್ಪನ ಹೆಣ ಊರ ನಡುವಿನ ದಾರಿಯಲ್ಲಿ ಹೋಗಿರಲಿಲ್ಲ; ಹಳ್ಳದ ದಂಡೆ ಹಿಡಿದು ಸುತ್ತಿ ಹೋಗಿತ್ತು. ಮಾಸ್ತರು ಫೋಟೋ ನೋಡಿ “ಎಷ್ಟ ಮರ್ಯಾದಿಯಿಂದ ಕಳಿಸ್ಯಾರ ನೋಡ” ಎಂದು ಅತ್ತರು. ನನಗೆ ಆ ಬಾವುಟಗಳಿಂದ ಯಾವ ಸಮಾಧಾನವೂ ಆಗಲಿಲ್ಲ.

ಅವ್ವನಿಗೆ ಹೇಳೋಣ ಎಂದು ಕೋಣೆಯ ಬಾಗಿಲ ತನಕ ಎರಡು ಸಲ ಹೋದೆ. ಎರಡೂ ಸಲ ಅವಳ ಕೈ ನನ್ನ ಕಡೆಗೆ ಎದ್ದಿತು. ತಿರುಗಿ ಬಂದೆ. ಮುಖ ಮುಟ್ಟಿದರೆ ಗೊತ್ತಾಗಿಬಿಡುತ್ತದೆ.

ಏಳನೆಯ ಐತವಾರ ಅವಳು ಸ್ನಾನ ಮಾಡಿ ಕುಳಿತಳು. ಫೋನ್ ಬರಲಿಲ್ಲ. ‘ಅಲ್ಲಿ ಮಳಿ ಐತಂತ, ಲೈನ್ ಹತ್ತಾಕ ಒಲ್ಲದು’ ಎಂದೆ. ಮಧ್ಯಾಹ್ನದ ತನಕ ಕೂತು ಎದ್ದಳು. ಎಂಟನೆಯ ಐತವಾರವೂ ಸ್ನಾನ ಮಾಡಿದಳು. ಫೋನ್ ಕೊಡು ಎಂದು ಕೇಳಲಿಲ್ಲ, ಗೋಡೆಗೆ ಒರಗಿ ಕುಳಿತಳು. ಒಂಬತ್ತನೆಯ ಐತವಾರ ನಾನು ನೀರು ಕಾಯಿಸಿ ಕರೆದೆ.

“ಇವತ್ತ ಬ್ಯಾಡ” ಎಂದಳು.

ಅಂದಿನಿಂದ ಅವ್ವ ತಮ್ಮನ ಹೆಸರು ತೆಗೆದಿಲ್ಲ. ದೀಪಾವಳಿ ಬಂದು ಹೋಯಿತು, ಕೇಳಲಿಲ್ಲ. ಮೊಮ್ಮಗಳ ಗಲ್ಲ ಈಗಲೂ ಸವರುತ್ತಾಳೆ. ನಾನು ಹತ್ತಿರ ಹೋದರೆ ಮಾತ್ರ ಎರಡೂ ಕೈಗಳನ್ನು ಮಡಿಲಲ್ಲಿ ಮಡಚಿ ಇಟ್ಟುಕೊಳ್ಳುತ್ತಾಳೆ. ನನ್ನ ಮುಖವನ್ನು ಅವಳು ಮುಟ್ಟಿ ಐದು ತಿಂಗಳಾಯಿತು.